ನಾಲಿಗೆ, ಜೇಬು, ಹಿಡಿತ: ಮಾಡ್ಯುಲರ್ ಒರಿಗಾಮಿಯಲ್ಲಿ ರುಚಿಗಳು ಬೇರೆಯಾಗುವುದು ಎಲ್ಲಿ?

ಮೂವತ್ತು ಚೌಕ ಹಾಳೆಗಳನ್ನು ಒಂದೇ ಥರ ಮಡಿಸಿ, ಒಂದರ ನಾಲಿಗೆಯನ್ನು ಇನ್ನೊಂದರ ಜೇಬಿಗೆ ತೂರಿಸುತ್ತಾ ಹೋದರೆ ಮುಳ್ಳುಮುಳ್ಳಾದ ಒಂದು ಚೆಂಡು ತಯಾರಾಗುತ್ತದೆ. ಅದನ್ನು ಮೇಜಿನ ಮೇಲಿಟ್ಟು ನೋಡಿ. ಒಬ್ಬರು ಕೈಗೆತ್ತಿಕೊಂಡು ಅಲ್ಲಾಡಿಸಿ "ಅಂಟೇ ಹಾಕಿಲ್ವಾ?" ಎಂದು ಬೆರಗಾಗುತ್ತಾರೆ. ಇನ್ನೊಬ್ಬರು "ಚೆನ್ನಾಗಿದೆ, ಆದರೆ ಗಣಿತದ ಪಾಠದ ಹಾಗಿದೆ, ಹೂವಿನದು ಮಾಡಬಹುದಿತ್ತು" ಎನ್ನುತ್ತಾರೆ. ಮತ್ತೊಬ್ಬರ ಪ್ರಶ್ನೆಯೇ ಬೇರೆ: "ಮೂವತ್ತೂ ಒಂದೇ ಮಡಿಕೆನಾ? ಬೇಜಾರಾಗಲಿಲ್ವಾ?"

ಮೊದಲನೆಯವರು ನೋಡಿದ್ದು ಜೋಡಣೆಯನ್ನು, ಎರಡನೆಯವರು ಹೊರರೂಪವನ್ನು, ಮೂರನೆಯವರು ಮಡಿಸುವ ಕೆಲಸವನ್ನು. ಹೀಗೆ ಯೂನಿಟ್ ಎಂಬ ಬಿಡಿ ತುಣುಕುಗಳನ್ನು ಮಡಿಸಿ ಕೂಡಿಸುವ ಮಾಡ್ಯುಲರ್ ಒರಿಗಾಮಿಯ ಬಹುತೇಕ ವಾಗ್ವಾದಗಳು ಈ ಮೂರರ ಸುತ್ತಲೇ ಸುತ್ತುತ್ತವೆ. ಅವರವರ ಇಷ್ಟ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಯೂನಿಟ್‌ಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಎಂದು ಬಿಡಿಸಿ ನೋಡಿದರೆ, ಮುಕ್ಕಾಲು ಪಾಲು ಅಭಿಪ್ರಾಯಭೇದಕ್ಕೆ ಕಾರಣ ಅಲ್ಲೇ ಸಿಗುತ್ತದೆ. ಯಾವ ಶೈಲಿ ಯಾಕೆ ಕೆಲವರಿಗೆ ಹಿಡಿಸುತ್ತದೆ, ಕೆಲವರ ತಾಳ್ಮೆ ಕೆಡಿಸುತ್ತದೆ ಎಂಬುದಕ್ಕೆ ಆ ಹಿಡಿತವೇ ಉತ್ತರ.

ಹಾಗಾಗಿ ಮೊದಲು ಒಂದು ಯೂನಿಟ್ಟನ್ನು ಹತ್ತಿರದಿಂದ ನೋಡೋಣ.

ಸೊನೊಬೆ: ಬರೀ ಘರ್ಷಣೆಯ ಮೇಲೆ ನಿಂತ ಚೆಂಡು

ಬಿಡಿ ಹಾಳೆಗಳನ್ನು ಕೂಡಿಸಿ ಪೆಟ್ಟಿಗೆ ಮಾಡುವುದು ಹಳೆಯ ಸಂಗತಿ. ಜಪಾನಿನಲ್ಲಿ 1734ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲೇ ಅಂಥದ್ದರ ಚಿತ್ರವಿದೆ. ಆದರೆ ಒಂದೇ ಯೂನಿಟ್ಟಿನಿಂದ ಹತ್ತಾರು ಆಕಾರ ಕಟ್ಟುವ ಈಗಿನ ಪದ್ಧತಿ ಬೇರೂರಿದ್ದು ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ. ಅದರಲ್ಲಿ ಎಲ್ಲರೂ ಮೊದಲು ಕಲಿಯುವುದು ಮಿತ್ಸುನೊಬು ಸೊನೊಬೆ ಅವರ ಹೆಸರಿನ ಯೂನಿಟ್ಟನ್ನು.

7.5 ಸೆಂ.ಮೀ. ಚೌಕ ತೆಗೆದುಕೊಳ್ಳಿ. ನಿಲುವಾಗಿ ನಡುಗೆರೆ ಹಾಕಿ, ಎಡ ಬಲ ಅಂಚುಗಳನ್ನು ಕದ ಮುಚ್ಚುವಂತೆ ನಡುಗೆರೆಗೆ ತಂದು ಮಡಿಸಿ, ಮತ್ತೆ ಬಿಚ್ಚಿ. ಈಗ ಮೇಲಿನ ಬಲ ಮೂಲೆ, ಕೆಳಗಿನ ಎಡ ಮೂಲೆ, ಈ ಎರಡನ್ನು ಮಾತ್ರ ಪಕ್ಕದ ಕದದ ಮಡಿಕೆಗೆರೆಗೆ ತಾಗುವಂತೆ ಪುಟ್ಟ ತ್ರಿಕೋನವಾಗಿ ಮಡಿಸಿ. ಕದಗಳನ್ನು ಮತ್ತೆ ಮುಚ್ಚಿ. ಮೇಲಿನ ಎಡ ಮೂಲೆಯನ್ನು ಬಲ ಅಂಚಿಗೆ ತಂದು ಓರೆಯಾಗಿ ಮಡಿಸಿ, ಅದನ್ನು ಬಲಗದದ ಅಡಿಗೆ ತೂರಿಸಿ. ಕೆಳಗಿನ ಬಲ ಮೂಲೆಯನ್ನು ಎಡ ಅಂಚಿಗೆ ತಂದು ಎಡಗದದ ಅಡಿಗೆ ತೂರಿಸಿ. ಕೈಯಲ್ಲಿ ಉಳಿಯುವುದು ಓರೆ ಚತುರ್ಭುಜ. ಒಂದು ಮಗ್ಗುಲು ನುಣುಪು, ಇನ್ನೊಂದರಲ್ಲಿ ಎರಡು ಜೇಬು. ಚೂಪಾದ ಎರಡು ತುದಿಗಳನ್ನು ನುಣುಪು ಮಗ್ಗುಲಿಗೆ, ಉದ್ದ ಅಂಚಿನ ಗುಂಟ ಎದುರಿನ ಮೊಂಡು ಮೂಲೆಗೆ ತಾಗುವಂತೆ ಮಡಿಸಿದರೆ ಅವೇ ನಾಲಿಗೆಗಳು. ನಡುವೆ ಉಳಿದ ಚೌಕದ ಎರಡು ಮೊಂಡು ಮೂಲೆಗಳನ್ನು ಸೇರಿಸುವ ಕರ್ಣದ ಮೇಲೆ, ಜೇಬುಗಳು ಒಳಗಾಗುವಂತೆ ಇನ್ನೊಂದು ಮಡಿಕೆ. ಯೂನಿಟ್ ಮುಗಿಯಿತು.

ಕೂಡಿಸುವ ನಿಯಮ ಒಂದೇ. ಮೂರು ಯೂನಿಟ್‌ಗಳನ್ನು ಸುತ್ತಲೂ ಇಟ್ಟು ಒಂದರ ಜೇಬಿಗೆ ಮುಂದಿನದರ ನಾಲಿಗೆ ಹಾಕಿದರೆ ಒಂದು ಪಿರಮಿಡ್. ಪಿರಮಿಡ್‌ಗಳ ನಡುವಿನ ತಗ್ಗಿನ ಸುತ್ತ ಎಷ್ಟು ಪಿರಮಿಡ್ ಬರುತ್ತವೆ ಎಂಬುದರ ಮೇಲೆ ಇಡೀ ಆಕಾರ ನಿಂತಿದೆ. ಮೂರು ಬಂದರೆ 6 ಯೂನಿಟ್ಟಿನ ಪೆಟ್ಟಿಗೆ (ಇದಕ್ಕೆ ಕೊನೆಯ ಕರ್ಣದ ಮಡಿಕೆ ಬೇಡ), ನಾಲ್ಕು ಬಂದರೆ 12 ಯೂನಿಟ್ಟಿನ ನಕ್ಷತ್ರ, ಐದು ಬಂದರೆ 30 ಯೂನಿಟ್ಟಿನ ಚೆಂಡು. ಆರು ಬಂದರೆ? ಸಪಾಟು. ಚೆಂಡು ಮುಚ್ಚಿಕೊಳ್ಳುವುದೇ ಇಲ್ಲ. ಈ ಸಂಖ್ಯೆಗಳು ಆಕಾಶದಿಂದ ಬಿದ್ದವಲ್ಲ. ಪ್ರತಿ ಯೂನಿಟ್ಟೂ ಒಳಗಿನ ಒಂದು ಘನಾಕೃತಿಯ ಒಂದೊಂದು ಅಂಚಿನ ಮೇಲೆ ಕೂರುತ್ತದೆ. ಇಪ್ಪತ್ತು ತ್ರಿಕೋನ ಮುಖಗಳ ಘನಕ್ಕೆ 30 ಅಂಚು, ಎಂಟು ಮುಖದ್ದಕ್ಕೆ 12, ನಾಲ್ಕು ಮುಖದ್ದಕ್ಕೆ 6. ಇದು ತಿಳಿದಿದ್ದರೆ ಅಳತೆಯನ್ನೂ ಮೊದಲೇ ಲೆಕ್ಕ ಹಾಕಬಹುದು. ಪೆಟ್ಟಿಗೆಯ ಬದಿ ಹಾಳೆಯ ಬದಿಯ ಶೇ. 35ರಷ್ಟು. 30ರ ಚೆಂಡಿನ ಅಡ್ಡಳತೆ ಹಾಳೆಯ ಬದಿಯ ಸುಮಾರು 1.16 ಪಟ್ಟು. 7.5 ಸೆಂ.ಮೀ. ಹಾಳೆಗೆ ಹತ್ತಿರಹತ್ತಿರ 8.7 ಸೆಂ.ಮೀ. ಚೆಂಡು.

ತಪ್ಪುಗಳು ಎಲ್ಲರಿಗೂ ಒಂದೇ ಕಡೆ ಆಗುತ್ತವೆ. ಮೊದಲನೆಯದು, ಮೂಲೆಗಳ ಜೋಡಿ ತಿರುವುಮುರುವಾಗುವುದು. ಮೇಲಿನ ಎಡ, ಕೆಳಗಿನ ಬಲ ಮೂಲೆಗಳನ್ನು ಮೊದಲು ಮಡಿಸಿದರೆ ಹುಟ್ಟುವುದು ಕನ್ನಡಿ ಬಿಂಬದ ಯೂನಿಟ್. ಅದು ಬಲಗಾಲಿಗೆ ಹಾಕಿದ ಎಡಗಾಲಿನ ಚಪ್ಪಲಿ, ಉಳಿದ ಇಪ್ಪತ್ತೊಂಬತ್ತರ ಜೊತೆ ಕೂಡುವುದಿಲ್ಲ. ಟಿವಿ ನೋಡುತ್ತಾ ಮಡಿಸುವವರ ರಾಶಿಯಲ್ಲಿ ಇಂಥದ್ದು ಒಂದೆರಡಾದರೂ ಇರುತ್ತವೆ. ಹಾಗಾಗಿ ಕೂಡಿಸುವ ಮೊದಲು ಎಲ್ಲವನ್ನೂ ಒಂದೇ ದಿಕ್ಕಿಗೆ ಸಾಲಾಗಿ ಹರಡಿ ಒಮ್ಮೆ ಕಣ್ಣಾಡಿಸಿ. ಎರಡನೆಯದು, ಚೌಕ ಚೌಕವಾಗಿರದಿರುವುದು. ಒಂದು ಬದಿ 1 ಮಿ.ಮೀ. ಉದ್ದವಿದ್ದರೂ ಚೂಪು ತುದಿ ಮೊಂಡು ಮೂಲೆಗೆ ನೆಟ್ಟಗೆ ತಾಗುವುದಿಲ್ಲ, ನಾಲಿಗೆ ಜೇಬಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರನೆಯದು, ಎಣಿಕೆ. ಒಂದು ತಗ್ಗಿನ ಸುತ್ತ ಐದರ ಬದಲು ನಾಲ್ಕೇ ಪಿರಮಿಡ್ ಬಂದರೆ ಚೆಂಡು ಅಲ್ಲೇ ಒಳಕ್ಕೆ ಬಾಗಿ, ಕೊನೆಗೆ ಕೈಯಲ್ಲಿ ನಾಲ್ಕೈದು ಯೂನಿಟ್ ಮಿಕ್ಕುತ್ತವೆ.

ತೊಂಬತ್ತಕ್ಕೆ ಏರಿಸಿದಾಗ

ಅದೇ ಸೊನೊಬೆಯಿಂದ 90 ಯೂನಿಟ್ಟಿನ ದೊಡ್ಡ ಚೆಂಡೂ ಆಗುತ್ತದೆ. ಹನ್ನೆರಡು ತಗ್ಗುಗಳ ಸುತ್ತ ಐದೈದು ಪಿರಮಿಡ್, ಇಪ್ಪತ್ತು ತಗ್ಗುಗಳ ಸುತ್ತ ಆರಾರು. ಅಭಿಪ್ರಾಯಗಳು ಸೀಳುವುದು ಇಲ್ಲೇ. ಕೆಲವರ ಪಾಲಿಗೆ ಇದು ಸೊನೊಬೆಯ ಶಿಖರ. ಇನ್ನು ಕೆಲವರು "ಜೋಲುಬಿದ್ದ ಚೆಂಡು" ಎಂದು ಮೂಗು ಮುರಿಯುತ್ತಾರೆ. ಇಬ್ಬರ ಮಾತೂ ನಿಜ. ಆರು ಪಿರಮಿಡ್ ಸುತ್ತಿದ ಜಾಗ ಹೆಚ್ಚುಕಡಿಮೆ ಸಪಾಟು, ಸಪಾಟಾದದ್ದಕ್ಕೆ ಕಮಾನಿನ ಬಲವಿಲ್ಲ. ಜೊತೆಗೆ ಸೊನೊಬೆಯ ನಾಲಿಗೆಯನ್ನು ಜೇಬಿನೊಳಗೆ ಹಿಡಿದಿಡುವ ಕೊಕ್ಕೆಯೇನೂ ಇಲ್ಲ, ಕಾಗದಕ್ಕೆ ಕಾಗದ ಉಜ್ಜುವ ಘರ್ಷಣೆಯಷ್ಟೇ. ಚೆಂಡು ದೊಡ್ಡದಾದಂತೆ ಭಾರ ಹೆಚ್ಚಿ, ಕೆಳಗಿನ ಪಿರಮಿಡ್‌ಗಳ ಬುಡ ಬಾಯಿ ಬಿಡುತ್ತದೆ. 30ರಲ್ಲಿ ಸಾಕಾಗುತ್ತಿದ್ದ ಹಿಡಿತ 90ರಲ್ಲಿ ಸಾಲದು.

90 ಮಾಡಲೇಬೇಕೆಂದರೆ 7.5 ಸೆಂ.ಮೀ.ಗಿಂತ ದೊಡ್ಡ ಹಾಳೆ ಬೇಡ, ಸಾಧ್ಯವಾದರೆ 5 ಸೆಂ.ಮೀ.ಗೆ ಇಳಿಯಿರಿ. ಹಾಳೆ ಚಿಕ್ಕದಾದಷ್ಟೂ ಅದೇ ಕಾಗದ ಬಿಗಿಯಾಗಿ ವರ್ತಿಸುತ್ತದೆ. ಒಂದು ಐದರ ತಗ್ಗಿನಿಂದ ಶುರುಮಾಡಿ ಸುತ್ತ ಸುತ್ತ ಬೆಳೆಸುತ್ತಾ ಹೋಗಿ. ಎರಡು ಅರ್ಧಗಳನ್ನು ಬೇರೆಬೇರೆ ಮಾಡಿ ಕೊನೆಗೆ ಸೇರಿಸುವ ಯೋಚನೆ ಮೇಲ್ನೋಟಕ್ಕೆ ಜಾಣತನ. ಸೇರಿಸುವ ಗೆರೆಯಲ್ಲಿ ಹತ್ತಾರು ನಾಲಿಗೆಗಳನ್ನು ಒಟ್ಟೊಟ್ಟಿಗೆ ತೂರಿಸಬೇಕಾದಾಗ ಅದರ ಬಣ್ಣ ಬಯಲಾಗುತ್ತದೆ.

ಅಂಟಿನ ಜಗಳ

ಈ ಹವ್ಯಾಸದಲ್ಲಿ ದನಿ ಏರುವಂಥ ವಿಷಯ ಇದೊಂದೇ ಇರಬೇಕು. ಅಂಟು ಬೇಡ ಎನ್ನುವವರ ವಾದ ಸರಳ: ಮಡಿಕೆಯೇ ಮಡಿಕೆಯನ್ನು ಹಿಡಿಯಬೇಕು, ಆಕಾರ ತಾನಾಗಿ ನಿಲ್ಲುವುದೇ ಅದರ ವಿನ್ಯಾಸ ಸರಿಯಿದೆ ಎಂಬುದಕ್ಕೆ ಸಾಕ್ಷಿ. ಬೇಕಾದಾಗ ಬಿಚ್ಚಬಹುದು, ಯೂನಿಟ್‌ಗಳನ್ನು ಇನ್ನೊಂದು ಆಕಾರಕ್ಕೆ ಬಳಸಬಹುದು. ಅಂಟು ಇರಲಿ ಎನ್ನುವವರದ್ದು ಬಾಳಿಕೆಯ ವಾದ. ಕಾಗದ ತೇವ ಹೀರುತ್ತದೆ, ಮೆತ್ತಗಾಗುತ್ತದೆ, ಮಡಿಕೆ ಸಡಿಲುತ್ತದೆ. ಸೀಲಿಂಗಿನಿಂದ ತೂಗುಬಿಟ್ಟ ಚೆಂಡು ಒಂದು ದಿನ ನೆಲದ ಮೇಲೆ ಚೂರುಚೂರಾಗಿ ಬಿದ್ದಿರುತ್ತದೆ.

ನನ್ನ ಲೆಕ್ಕದಲ್ಲಿ ಗೆರೆ ಎಳೆಯಬೇಕಾದ್ದು ಬೇರೆ ಕಡೆ. ಒಣಗೈಯಲ್ಲಿ ಪೂರ್ತಿ ಕೂಡಿ ನಿಂತ ಚೆಂಡಿಗೆ, ತೂಗುಹಾಕುವ ಸಲುವಾಗಿ ಅಂಟು ಹಚ್ಚಿದರೆ ಅದು ರಕ್ಷಣೆ. ಕೂಡದೆ ಬಿಚ್ಚಿಕೊಳ್ಳುತ್ತಿರುವುದಕ್ಕೆ ಹಚ್ಚಿದರೆ ಅದು ರೋಗ ಮುಚ್ಚಿದ ಪಟ್ಟಿ. 30ರಲ್ಲಿ ಒಂದೆರಡು ನಾಲಿಗೆ ಜಾರಿದರೆ ಕೈತಪ್ಪು. ಏಳೆಂಟು ಜಾರಿದರೆ ತೊಂದರೆ ಬುಡದಲ್ಲೇ ಇದೆ. ಕದಗಳು ನಡುಗೆರೆಗೆ ಮುಟ್ಟದೆ ಜೇಬು ಅಗಲವಾಗಿರಬಹುದು, ಮಡಿಕೆಯ ಮೇಲೆ ಉಗುರೆಳೆಯದೆ ಅದು ಉಬ್ಬಿರಬಹುದು, ಇಲ್ಲವೇ ಕಾಗದಕ್ಕೆ ಹೊಳಪಿನ ಲೇಪವಿರಬಹುದು. ಉಡುಗೊರೆ ಸುತ್ತುವ ಮಿರುಗು ಕಾಗದ ಕಣ್ಣಿಗೆ ಹಬ್ಬ, ಜೇಬಿಗೆ ಶತ್ರು. ನಾಲಿಗೆ ಬೆಣ್ಣೆ ಸವರಿದಂತೆ ಜಾರಿ ಬರುತ್ತದೆ.

ಹಚ್ಚುವುದಾದರೆ ಬಿಳಿ ಅಂಟನ್ನು ಟೂತ್‌ಪಿಕ್ಕಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ತೆಗೆದು, ನಾಲಿಗೆಯ ತುದಿಗೆ ಹಚ್ಚಿ ಒಳಗೆ ತಳ್ಳಿ. ಬುಡಕ್ಕೆ ಹಚ್ಚಿದರೆ ತೂರಿಸುವಾಗ ಅಂಟು ಒರೆಸಿಕೊಂಡು ಹೊರಗೆ ಕಲೆಯಾಗುತ್ತದೆ. ಹೆಚ್ಚಾದರೆ ಅದರಲ್ಲಿರುವ ನೀರಿಗೆ ನಾರು ಉಬ್ಬಿ ಕಾಗದ ಅಲೆಅಲೆಯಾಗುತ್ತದೆ, ತೆಳು ಹಾಳೆಯಲ್ಲಂತೂ ಹೊರಗಿನಿಂದಲೇ ಕಾಣಿಸುತ್ತದೆ. ಕಡ್ಡಿ ಅಂಟು ಸ್ವಚ್ಛ, ಆದರೆ ಒಣಗಿದ ಮೇಲೆ ಕ್ರಮೇಣ ಬಿಟ್ಟುಕೊಳ್ಳುವುದುಂಟು.

ಕುಸುದಾಮ: ಹೂವಿನ ಪಕ್ಷ

ಅಂಟಿನ ವಿರುದ್ಧ ಎಷ್ಟೇ ಕಟ್ಟುನಿಟ್ಟು ಇದ್ದರೂ ಒಂದು ಕಡೆ ಅದು ಸೋಲುತ್ತದೆ. ಕುಸುದಾಮ ಎಂಬ ಜಪಾನಿ ಮಾತಿಗೆ ಮದ್ದಿನ ಚೆಂಡು ಎಂದರ್ಥ. ಮೂಲದಲ್ಲಿ ಸುಗಂಧದ್ರವ್ಯ, ಮೂಲಿಕೆಗಳನ್ನು ಇಟ್ಟು ತೂಗುಹಾಕುತ್ತಿದ್ದ ಗೊಂಡೆಯದು. ಕಾಗದದ ಸಾಂಪ್ರದಾಯಿಕ ಕುಸುದಾಮಗಳ ಬಿಡಿ ಹೂಗಳನ್ನು ದಾರದಿಂದ ಪೋಣಿಸುತ್ತಿದ್ದರು ಅಥವಾ ಅಂಟಿಸುತ್ತಿದ್ದರು. ಅಂದರೆ ನಾಲಿಗೆ ಜೇಬಿನ ಶಿಸ್ತು ಇಲ್ಲಿ ಮೊದಲಿಗೇ ಇರಲಿಲ್ಲ. ಈಗ ಅನೇಕರು ಅಲಂಕಾರದ ಯಾವುದೇ ಮಾಡ್ಯುಲರ್ ಚೆಂಡನ್ನೂ ಕುಸುದಾಮ ಎಂದುಬಿಡುತ್ತಾರೆ, ಅದು ಹಳೇ ಪದ್ಧತಿಯವರಿಗೆ ಇರುಸುಮುರುಸು. ಹೆಸರಿನ ಈ ಕಿತ್ತಾಟದಲ್ಲಿ ಹೆಚ್ಚು ಹುರುಳಿಲ್ಲ. ಪದಗಳು ಬಳಸಿದವರ ಕಡೆಗೇ ಹರಿಯುತ್ತವೆ.

ಎಲ್ಲರೂ ಮಾಡುವ ಹೂಚೆಂಡಿಗೆ 60 ಚೌಕ ಹಾಳೆ ಬೇಕು. ಐದು ದಳಕ್ಕೆ ಒಂದು ಹೂವು, ಹನ್ನೆರಡು ಹೂವಿಗೆ ಒಂದು ಚೆಂಡು. ದಳ ಮಡಿಸುವುದು ಸೊನೊಬೆಗಿಂತ ಸುಲಭ. ಕಷ್ಟವಿರುವುದು ಕಾಯುವುದರಲ್ಲಿ. ಪ್ರತಿ ದಳವನ್ನೂ ಸುರುಳಿ ಮಾಡಿ ಅಂಚಿಗೆ ಅಂಟು ಹಚ್ಚಿ, ಬಟ್ಟೆ ಕ್ಲಿಪ್ಪು ಹಾಕಿ ಒಣಗಲು ಬಿಡಬೇಕು. ಇಪ್ಪತ್ತು ಕ್ಲಿಪ್ಪಾದರೂ ಇದ್ದರೆ ಕೆಲಸ ಸಾಗುತ್ತದೆ. ಐದು ದಳ ಸೇರಿಸುವಾಗ ನಡುವಿನ ತುದಿಗಳು ಒಂದೇ ಬಿಂದುವಿಗೆ ಬರದಿದ್ದರೆ ಹೂವಿನ ತಳದಲ್ಲಿ ತೂತು ಉಳಿಯುತ್ತದೆ. ಆ ತೂತು ಒಂದೇ ಹೂವಲ್ಲಿ ಕಾಣದು, ಹನ್ನೆರಡು ಸೇರಿಸುವಾಗ ಚೆಂಡು ಒಂದು ಕಡೆ ಉಬ್ಬಿ ಒಂದು ಕಡೆ ಬಿರಿಯುತ್ತದೆ. ಆರಾರು ಹೂಗಳ ಎರಡು ಅರ್ಧಗೋಲ ಮಾಡಿ, ನಡುವೆ ಗಂಟು ಹಾಕಿದ ದಾರವಿಟ್ಟು ಅಂಟಿಸುವುದು ವಾಡಿಕೆ. ಇಲ್ಲಿ ಅರ್ಧಗಳ ಉಪಾಯ ಕೆಲಸ ಮಾಡುತ್ತದೆ, ಏಕೆಂದರೆ ತೂರಿಸಲು ನಾಲಿಗೆಯೇ ಇಲ್ಲ.

ಹೂವಿನ ರುಚಿಯವರೆಲ್ಲ ಅಂಟಿನ ಪಕ್ಷದವರೇನಲ್ಲ. ಬೆಲ್ಜಿಯಂನ ಹರ್ಮನ್ ವಾನ್ ಗೂಬರ್ಗೆನ್ ಅವರ ಕರ್ಲರ್ ಯೂನಿಟ್ಟಿನಲ್ಲಿ ಕಾಗದವನ್ನು ಸುರುಳಿ ಸುತ್ತಿ, ಪಕ್ಕದ ಯೂನಿಟ್ಟಿನ ಸುರುಳಿಯೊಳಗೆ ಹೆಣೆಯುತ್ತಾರೆ. ಸುರುಳಿಯ ಸ್ಪ್ರಿಂಗ್‌ನಂಥ ಸೆಳೆತವೇ ಅಲ್ಲಿ ಹಿಡಿತ. ನೋಡಲು ಬಳ್ಳಿಯ ಕುಡಿಯಂತೆ, ಒಳಗೆ ಅಪ್ಪಟ ಯಂತ್ರ. ಮೆತ್ತನೆಯ ತೆಳು ಕಾಗದದಲ್ಲಿ ಮಾಡಿದರೆ ಸುರುಳಿ ಬಿಚ್ಚಿಕೊಂಡು ಎಲ್ಲ ಕಳಚುತ್ತದೆ. ಪುಟಿಯುವ ಗುಣವಿರುವ ಹಾಳೆಯೇ ಬೇಕು.

ಕೊಕ್ಕೆ ಹಾಕುವ ಯೂನಿಟ್‌ಗಳು, ಟೊಳ್ಳು ಚೌಕಟ್ಟುಗಳು

ಸೊನೊಬೆಯ ಜೋಲುತನ ಸಹಿಸದವರು ಸಾಮಾನ್ಯವಾಗಿ ತಲುಪುವುದು ಅಮೆರಿಕದ ಗಣಿತಜ್ಞ ಟಾಮ್ ಹಲ್ ಅವರ ಫಿಜ್ ಯೂನಿಟ್ಟಿಗೆ. ಚೌಕವನ್ನು ಹಿಂದೆ ಮುಂದೆ ನಾಲ್ಕು ಪಟ್ಟಿಯಾಗಿ ನೆರಿಗೆ ಹಿಡಿದು, ಆ ಪಟ್ಟಿಯನ್ನು ಓರೆಯಾಗಿ ಮುರಿದು ಮಾಡುವುದು. ಒಂದರ ತುದಿ ಇನ್ನೊಂದರ ಪದರಗಳ ನಡುವೆ ಹೋಗಿ ಅಲ್ಲಿನ ಮಡಿಕೆಗೇ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಂಧಿಯಲ್ಲಿ ಮೂರು ಯೂನಿಟ್. ಹನ್ನೆರಡು ಪಂಚಭುಜಗಳ ಚೆಂಡಿಗೆ 30, ಫುಟ್‌ಬಾಲ್ ಆಕಾರಕ್ಕೆ 90 ಯೂನಿಟ್. ಸೊನೊಬೆ 90 ಜೋಲುವ ಕಡೆ ಫಿಜ್ 90 ಬಿಗಿಯಾಗಿ ನಿಲ್ಲುತ್ತದೆ, ನೂರಾರು ಯೂನಿಟ್ಟಿನ ಆಕಾರಗಳನ್ನೂ ತಾಳುತ್ತದೆ.

ಇದರ ಸೊಗಸು ಎಣಿಕೆಯಲ್ಲಿದೆ. ಪಂಚಭುಜ, ಷಡ್ಭುಜಗಳನ್ನೇ ಬಳಸಿ, ಸಂಧಿಗೆ ಮೂರರಂತೆ ಚೆಂಡು ಮುಚ್ಚಬೇಕೆಂದರೆ ಪಂಚಭುಜಗಳು ಸರಿಯಾಗಿ ಹನ್ನೆರಡೇ ಇರಬೇಕು. ಹೆಚ್ಚಿಲ್ಲ, ಕಡಿಮೆಯಿಲ್ಲ. ಷಡ್ಭುಜ ಒಂದೇ ಒಂದು ಮಾತ್ರ ಆಗದು, ಉಳಿದಂತೆ ಎಷ್ಟಾದರೂ ಆಗಬಹುದು. ಕಾರಣ, ಷಡ್ಭುಜಗಳು ಮಾತ್ರ ಸೇರಿದರೆ ಜೇನುಗೂಡಿನಂತೆ ಸಪಾಟು, ಬಾಗು ಬರುವುದು ಪಂಚಭುಜದಿಂದ, ಪೂರ್ತಿ ಗೋಲಕ್ಕೆ ಬೇಕಾದ ಬಾಗು ಹನ್ನೆರಡು ಪಂಚಭುಜಗಳಷ್ಟು. ಮಧ್ಯೆ ಸಪ್ತಭುಜ ಸೇರಿಸಿದರೆ ಮೈ ಕುದುರೆಯ ಜೀನಿನಂತೆ ಹಿಂದಕ್ಕೆ ಬಾಗುತ್ತದೆ, ಅದರಿಂದಲೇ ಉಂಗುರದಂಥ ಆಕಾರಗಳು ಸಾಧ್ಯ. ತ್ರಿಕೋನ, ಚೌಕಗಳಿಗೆ ಮಾತ್ರ ಫಿಜ್ ಒಗ್ಗುವುದಿಲ್ಲ. ಅಷ್ಟು ಬಿಗಿ ತಿರುವಿಗೆ ಯೂನಿಟ್ ತಿರುಚಿಕೊಳ್ಳುತ್ತದೆ.

ಹಾಗಾದರೆ ಫಿಜ್ ಯಾಕೆ ಎಲ್ಲರಿಗೂ ಮೆಚ್ಚುಗೆಯಿಲ್ಲ? ಒಂದು, ಸಂಧಿಯಲ್ಲಿ ಪದರಗಳು ಒತ್ತಾಗಿ ಕೂರುತ್ತವೆ. 100 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾಗದದಲ್ಲಿ ಮಾಡಲು ಹೋದರೆ ಮೂರನೇ ಯೂನಿಟ್ ಒಳಗೆ ಹೋಗುವಾಗ ಎರಡನೆಯದು ಹೊರಗೆ ಬರುತ್ತದೆ. 60ರಿಂದ 80 ಜಿಎಸ್ಎಂ ಸರಿ. ಎರಡು, ತಪ್ಪಿದರೆ ಬಿಚ್ಚುವುದು ಕಷ್ಟ. ಹಿಡಿತ ಬಿಗಿಯಾಗಿರುವುದೇ ಅಲ್ಲಿ ಮುಳುವು. ಷಡ್ಭುಜ ಬರಬೇಕಾದಲ್ಲಿ ಪಂಚಭುಜ ಮುಚ್ಚಿಬಿಟ್ಟು, ಮೂವತ್ತು ಯೂನಿಟ್ ಆದಮೇಲೆ ಗಮನಕ್ಕೆ ಬಂದರೆ ಯೂನಿಟ್ಟಿನ ತುದಿಗಳು ನಜ್ಜಾಗದೆ ಹಿಂದೆ ಹೋಗಲಾಗದು. ಫುಟ್‌ಬಾಲ್ ಆಕಾರದಲ್ಲಿ ಪ್ರತಿ ಪಂಚಭುಜದ ಐದೂ ಕಡೆ ಷಡ್ಭುಜವೇ ಇರಬೇಕು ಎಂಬುದನ್ನು ಪ್ರತಿ ಸುತ್ತಿಗೂ ನೋಡಿಕೊಳ್ಳಿ.

ಇನ್ನೂ ಮುಂದೆ ಹೋದರೆ ಟೊಳ್ಳು ಚೌಕಟ್ಟುಗಳ ಲೋಕ. ಇಲ್ಲಿ ಹಲವು ಕಡ್ಡಿಚೌಕಟ್ಟುಗಳು ಒಂದರೊಳಗೊಂದು ನೇಯ್ದುಕೊಂಡಿರುತ್ತವೆ, ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಹೆಬ್ಬಾಗಿಲು ಎಂದರೆ ಟಾಮ್ ಹಲ್ ಅವರದ್ದೇ ಐದು ಚತುರ್ಮುಖಗಳ (ನಾಲ್ಕು ತ್ರಿಕೋನ ಮುಖಗಳ ಘನಗಳ) ಹೆಣಿಗೆ. ಅದಕ್ಕೆ ಬಳಸುವುದು ಸಿಂಗಾಪುರದ ಫ್ರಾನ್ಸಿಸ್ ಓವ್ ಅವರ 60 ಡಿಗ್ರಿ ಯೂನಿಟ್. ಐದು ಬಣ್ಣ, ಬಣ್ಣಕ್ಕೆ ಎರಡು ಚೌಕ, ಒಟ್ಟು 10. ಪ್ರತಿ ಚೌಕವನ್ನು ಮೂರು ಸಮಪಟ್ಟಿಯಾಗಿ ಕತ್ತರಿಸಿದರೆ 30 ಪಟ್ಟಿ, ಚತುರ್ಮುಖಕ್ಕೆ ಆರರಂತೆ. 15 ಸೆಂ.ಮೀ. ಹಾಳೆಯಾದರೆ ಪಟ್ಟಿ 5×15.

ಮೊದಲ ಚೌಕಟ್ಟು ಹತ್ತು ನಿಮಿಷದ ಕೆಲಸ. ಎರಡನೆಯದನ್ನು ಅದರೊಳಗೇ ಕಟ್ಟಬೇಕು, ಒಂದರ ಮೂಲೆ ಇನ್ನೊಂದರ ಮುಖದ ಖಾಲಿಯಲ್ಲಿ ಹೊರಚಾಚುವಂತೆ. ಬಹಳ ಜನ ದಾರಿ ತಪ್ಪುವುದು ಮೂರನೆಯದರಲ್ಲಿ. ಯಾವ ಕಡ್ಡಿಯ ಮೇಲೆ, ಯಾವುದರ ಕೆಳಗೆ ಎಂಬುದು ಚಿತ್ರ ನೋಡಿದರೂ ತಿಳಿಯದು. ಪರೀಕ್ಷೆ ಹೀಗೆ: ಮುಗಿದ ಹೆಣಿಗೆಯಲ್ಲಿ ಐದು ಕಡ್ಡಿಗಳು ಸುಳಿಯಂತೆ ಸುತ್ತುವರಿದ ಜಾಗಗಳಿರುತ್ತವೆ. ಅಂಥ ಪ್ರತಿ ಸುಳಿಯಲ್ಲೂ ಐದೂ ಬಣ್ಣ ಒಂದೊಂದೇ ಸಲ ಬರಬೇಕು. ಒಂದು ಬಣ್ಣ ಎರಡು ಸಲ ಕಂಡರೆ ನೇಯ್ಗೆ ತಪ್ಪಿದೆ. ಸುಳಿ ಎಡಕ್ಕೂ ತಿರುಗಬಹುದು, ಬಲಕ್ಕೂ ತಿರುಗಬಹುದು, ಎರಡೂ ಸರಿ. ಅರ್ಧ ಎಡಕ್ಕೆ ಅರ್ಧ ಬಲಕ್ಕೆ ಮಾತ್ರ ಆಗದು.

ಈ ಶೈಲಿಯ ಮೇಲಿನ ದೊಡ್ಡ ದೂರು, ಕೊನೆಯ ಕಡ್ಡಿ ಕೂರುವವರೆಗೂ ಯಾವುದೂ ನಿಲ್ಲುವುದಿಲ್ಲ ಎಂಬುದು. ಅಲ್ಲಿಯವರೆಗೆ ಮೂಲೆಗಳಿಗೆ ಕ್ಲಿಪ್ಪು, ಕಡ್ಡಿಗಳ ನಡುವೆ ದಾರ, ತೆಳು ತಂತಿ. ಡೇನಿಯಲ್ ಕ್ವಾನ್, ಬೈರಿಯಾ ಲೋಪರ್ ಅಂಥವರ ದೊಡ್ಡ ಹೆಣಿಗೆಗಳನ್ನು ಮಾಡಹೊರಟವರಿಗೆ ಇದು ಗೊತ್ತು. ಇದು ಮೋಸವೇ ಎಂದು ಕೇಳುವವರಿದ್ದಾರೆ. ಕಮಾನು ಕಟ್ಟುವಾಗ ಮರದ ಆಸರೆ ಕೊಟ್ಟು ಕೊನೆಗೆ ತೆಗೆಯುವುದಿಲ್ಲವೇ? ಆಸರೆ ತೆಗೆದ ಮೇಲೂ ನಿಂತರೆ ಆಯಿತು.

ಚೌಕವೇ ಆಗಬೇಕೇ?

ಕಟ್ಟಾ ಒರಿಗಾಮಿಗರಿಗೆ ಚೌಕ ಬಿಟ್ಟು ಬೇರೆ ಹಾಳೆ, ಕತ್ತರಿ ಎರಡೂ ವರ್ಜ್ಯ. ಆದರೆ ಚೌಕದಲ್ಲಿ ತಾನಾಗಿ ಸಿಗುವ ಕೋನ 45 ಮತ್ತು 90. 60 ಡಿಗ್ರಿ ಬೇಕೆಂದರೆ ಹೆಚ್ಚುವರಿ ಗೆರೆಗಳನ್ನು ಹಾಕಬೇಕು, ಆ ಗೆರೆಗಳು ಮುಗಿದ ಯೂನಿಟ್ಟಿನ ಮೈಮೇಲೆ ಗಾಯದ ಗುರುತಿನಂತೆ ಉಳಿಯುತ್ತವೆ. ಎ4 ಹಾಳೆಯ ಬದಿಗಳ ಅನುಪಾತ 1 ಕ್ಕೆ √2. ಹನ್ನೆರಡು ವಜ್ರಾಕಾರ ಮುಖಗಳ ಘನವೊಂದಿದೆ, ಅದರ ಮುಖದ ಕರ್ಣಗಳ ಅನುಪಾತವೂ ಅದೇ. ಎ4ನಿಂದ ಅದರ ಯೂನಿಟ್ ಅಳತೆಯಿಲ್ಲದೇ ಸಲೀಸಾಗಿ ಹುಟ್ಟುತ್ತದೆ, ಚೌಕದಿಂದ ತೆಗೆಯಲು ಹೆಣಗಬೇಕು. ಹಾಳೆಯ ಆಕಾರವನ್ನು ಜ್ಯಾಮಿತಿಯೇ ಬೇಡುತ್ತಿರುವಾಗ ಚೌಕಕ್ಕೆ ಜೋತುಬೀಳುವುದು ನಿಷ್ಠೆಯಲ್ಲ, ಹಟ.

ವಿಸಿಟಿಂಗ್ ಕಾರ್ಡನ್ನೇ ಹಾಳೆ ಮಾಡಿಕೊಂಡವರೂ ಇದ್ದಾರೆ. ಎರಡು ಕಾರ್ಡನ್ನು ಅಡ್ಡಡ್ಡ ಇಟ್ಟು ರೆಕ್ಕೆ ಮಡಿಸಿದರೆ ಅಳತೆಪಟ್ಟಿಯೇ ಬೇಡ. ಅಂಥ ಆರು ಕಾರ್ಡಿಗೆ ಒಂದು ಪೆಟ್ಟಿಗೆ. ಜೀನೀನ್ ಮೋಸ್ಲಿ ಅವರ ಯೋಜನೆಯಲ್ಲಿ ಹೀಗೆ 66,048 ಕಾರ್ಡುಗಳಿಂದ ಮೆಂಗರ್ ಸ್ಪಂಜ್ ಎಂಬ ತೂತುತೂತಿನ ಘನ ಮುಗಿದದ್ದು 2005ರಲ್ಲಿ. ಲೆಕ್ಕ ಸುಲಭ: 8,000 ಪೆಟ್ಟಿಗೆಗೆ ಆರಾರರಂತೆ 48,000, ಹೊರಮೈಯ ಹೊದಿಕೆಗೆ 18,048.

ಇಂಥದ್ದನ್ನು ಕೇಳಿದಾಗ ಕೆಲವರಿಗೆ ರೋಮಾಂಚನ, ಕೆಲವರಿಗೆ ಆಕಳಿಕೆ. ತ್ರಿಕೋನ ತುಣುಕುಗಳ ಹಂಸ, ನವಿಲುಗಳ ಮೇಲಿರುವ ಅಸಡ್ಡೆಯೂ ಇದೇ ಜಾತಿಯದು. ಎ4 ಹಾಳೆಯನ್ನು 32 ಚೂರು ಮಾಡಿ, ಒಂದೊಂದನ್ನೂ ಎರಡು ಕಾಲು, ಎರಡು ಜೇಬಿನ ತ್ರಿಕೋನವಾಗಿ ಮಡಿಸಿ, ಇಟ್ಟಿಗೆಯಂತೆ ಸಾಲುಸಾಲಾಗಿ ಏರಿಸುವುದು. ಹಂಸಕ್ಕೆ ನಾನೂರು ಐನೂರು ತುಣುಕು ಸಾಮಾನ್ಯ. ಗಣಿತವಿಲ್ಲ, ಬರೀ ಇಟ್ಟಿಗೆ ಕೆಲಸ ಎಂದು ಹಳಿಯುವವರು ಇದಕ್ಕೆ ಗೋಲ್ಡನ್ ವೆಂಚರ್ ಮಡಿಕೆ ಎಂಬ ಹೆಸರು ಹೇಗೆ ಬಂತೆಂದು ತಿಳಿದಿದ್ದರೆ ಒಳ್ಳೆಯದು. 1993ರಲ್ಲಿ ನ್ಯೂಯಾರ್ಕ್ ದಡಕ್ಕೆ ಬಡಿದು ನಿಂತ ಆ ಹೆಸರಿನ ಹಡಗಿನಲ್ಲಿದ್ದ ಚೀನೀ ವಲಸಿಗರು, ಪೆನ್ಸಿಲ್ವೇನಿಯಾದ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೂತಾಗ ಕೈಗೆ ಸಿಕ್ಕ ಕಾಗದದಲ್ಲಿ ಮಾಡಿದ ಕೆಲಸವಿದು. ಸಾವಿರ ಸಲ ಅದೇ ಮಡಿಕೆ ಹಾಕುವ ಸಮಯ ಅವರಿಗಿತ್ತು, ಬೇಡವೆಂದರೂ.

ಬಣ್ಣ, ಹಾಳೆ

ಚಿತ್ತಾರದ ಹಾಳೆಯೋ, ಏಕಬಣ್ಣವೋ? ಯೂನಿಟ್ ಎಷ್ಟು ಜಟಿಲ ಎಂಬುದು ಇದನ್ನು ತೀರ್ಮಾನಿಸಲಿ. ಸೊನೊಬೆಯ ಮುಖಗಳು ದೊಡ್ಡವು, ಸಣ್ಣ ಚಿತ್ತಾರ ಒಪ್ಪುತ್ತದೆ. ಹೆಣಿಗೆಯಲ್ಲಿ ಕಡ್ಡಿಗಳು ಸಪೂರ, ಚಿತ್ತಾರ ಹಾಕಿದರೆ ಯಾವುದು ಮುಂದೆ ಯಾವುದು ಹಿಂದೆ ಎಂದು ಕಣ್ಣು ಸೋಲುತ್ತದೆ. ಒಂದು ಕಡೆ ಬಣ್ಣ, ಹಿಂಬದಿ ಬಿಳಿ ಇರುವ ಹಾಳೆಯಲ್ಲಿ ಹಿಂಬದಿ ಕಾಣುವ ಯೂನಿಟ್ ಮಾಡಿದರೆ ಬಿಳಿಗೆರೆಗಳೇ ವಿನ್ಯಾಸವಾಗುತ್ತವೆ. ಅದು ಕೆಲವರಿಗೆ ಬೆಳಕು, ಕೆಲವರಿಗೆ ಕಸ. ಇಟಲಿಯ ಪಾವೊಲೊ ಬಶೆಟ್ಟಾ ಅವರ 30 ಯೂನಿಟ್ಟಿನ ನಕ್ಷತ್ರಕ್ಕೆ ಎರಡೂ ಕಡೆ ಬಣ್ಣವಿರುವ ಹಾಳೆಯನ್ನು ಹುಡುಕುವುದು ಇದೇ ಕಾರಣಕ್ಕೆ.

30ರ ಸೊನೊಬೆಗೆ ಮೂರು ಬಣ್ಣ ಸಾಕು, ಬಣ್ಣಕ್ಕೆ ಹತ್ತು. ಪ್ರತಿ ಪಿರಮಿಡ್ಡಿನಲ್ಲಿ ಮೂರೂ ಬಣ್ಣ ಬರುವಂತೆ ಕೂಡಿಸಬಹುದು. ಎರಡೇ ಬಣ್ಣದಲ್ಲಿ ಒಂದು ಬಿಟ್ಟು ಒಂದು ಹಾಕುತ್ತೇನೆ ಎಂದು ಹೊರಟರೆ ಆಗದು. ತಗ್ಗಿನ ಸುತ್ತ ಐದು ಯೂನಿಟ್, ಐದು ಬೆಸ ಸಂಖ್ಯೆ, ಕೊನೆಯಲ್ಲಿ ಒಂದೇ ಬಣ್ಣದ ಎರಡು ಅಕ್ಕಪಕ್ಕ ಬಂದೇ ಬರುತ್ತವೆ. ಮೂರು ಬಣ್ಣದಲ್ಲಿ ಸರಿಯಾಗಿ ಕೂಡಿಸಿದರೆ ಪ್ರತಿ ತಗ್ಗಿನ ಸುತ್ತ ಎರಡು, ಎರಡು, ಒಂದು ಎಂಬ ಲೆಕ್ಕ ಕಾಣುತ್ತದೆ. ಹಾಗೆ ಕಾಣದಿದ್ದರೆ ಅಲ್ಲೇ ನಿಲ್ಲಿಸಿ ಹಿಂದೆ ಎಣಿಸಿ.

ಯಂತ್ರದಲ್ಲಿ ತಯಾರಾದ ಕಾಗದಕ್ಕೆ ನಾರಿನ ದಿಕ್ಕಿರುತ್ತದೆ. ನಾರಿನ ಗುಂಟ ಮಡಿಸಿದರೆ ನೇರ ಗೆರೆ, ಅಡ್ಡ ಮಡಿಸಿದರೆ ಪುಟಿಯುತ್ತದೆ, ದಪ್ಪ ಹಾಳೆಯಾದರೆ ಬಿರಿಯುತ್ತದೆ. ತಿಳಿಯಲು ಹಾಳೆಯನ್ನು ಮಡಿಸದೆ ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗಿದ್ದು ನಾರಿನ ಗುಂಟ. ಎಲ್ಲ ಯೂನಿಟ್ಟಿನಲ್ಲೂ ಮೊದಲ ಕದಗಳು ಒಂದೇ ದಿಕ್ಕಿಗಿದ್ದರೆ ಜೇಬುಗಳ ಬಿಗಿಯೂ ಒಂದೇ ಇರುತ್ತದೆ.

ಜಾರಬೇಕಾದ ಹಿಡಿತ

ಇಷ್ಟೆಲ್ಲ ಬಿಗಿಯ ಮಾತಾಡಿದ ಮೇಲೆ ರಾಬರ್ಟ್ ನೀಲ್ ಅವರ ಎಂಟು ಯೂನಿಟ್ಟಿನ ಆಟಿಕೆಯ ಮುಂದೆ ಎಲ್ಲ ತಲೆಕೆಳಗಾಗುತ್ತದೆ. ಎಂಟು ಚೌಕ, ಎರಡು ಬಣ್ಣ ನಾಲ್ಕುನಾಲ್ಕು. ಒಂದರ ಎರಡು ತುದಿಗಳು ಮುಂದಿನದರ ಅಂಚನ್ನು ಬಳಸಿ ಒಳಕ್ಕೆ ಮಡಿಯುತ್ತವೆ, ಆದರೆ ಕಚ್ಚಿಕೊಳ್ಳುವುದಿಲ್ಲ, ಹಳಿಯ ಮೇಲಿನಂತೆ ಜಾರುತ್ತವೆ. ಒಳಕ್ಕೆ ಒತ್ತಿದರೆ ಎಂಟು ಮೂಲೆಯ ಗಿರಿಗಿಟ್ಲೆ, ಹೊರಕ್ಕೆ ಎಳೆದರೆ ನಡುವೆ ತೂತು ತೆರೆದ ಉಂಗುರ. ಇಲ್ಲಿ ಅಂಟಿನ ಒಂದು ಹನಿ ಬಿದ್ದರೂ ಆಟ ಮುಗಿಯಿತು. ತುದಿಗಳನ್ನು ತೀರಾ ಬಿಗಿಯಾಗಿ ಮಡಿಸಿದರೆ ಉಂಗುರ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ, ತೀರಾ ಸಡಿಲ ಬಿಟ್ಟರೆ ಎಳೆದಾಗ ಕಳಚುತ್ತದೆ. ತುದಿಯನ್ನು ಮಡಿಸುವಾಗ ಅಂಚಿಗೆ ಒತ್ತದೆ ಒಂದು ಕಾಗದದ ದಪ್ಪದಷ್ಟು ಜಾಗ ಬಿಡಿ. ಎಂಟೂ ಆದಮೇಲೆ ಎದುರುಬದುರಿನ ಎರಡು ಯೂನಿಟ್ಟನ್ನು ಹಿಡಿದು ಮೆಲ್ಲಗೆ ಎಳೆಯಿರಿ, ಮತ್ತೆ ತೊಂಬತ್ತು ಡಿಗ್ರಿ ತಿರುಗಿಸಿ ಎಳೆಯಿರಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಕಾಗದ ದಾರಿ ಬಿಡುತ್ತದೆ.